ಗಂಜಲದ ಗುಂಡಿ ಮತ್ತು ಬ್ಯಾಟ್ರಿ ಬೆಳಕು

ತೊಂಬತ್ತರ ದಶಕದ ನಡುವಿನ ಮೂರು ವರ್ಷ ನಾನು ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ನೇಮಕದ ಪತ್ರದಲ್ಲಿ ಅರೆಕಾಲಿಕ ಉಪನ್ಯಾಸಕಿ ಎಂದಿತ್ತು. ಕೆಲಸ ಮಾತ್ರ ಪೂರ್ತಿ ಕಾಲದ್ದು. ಚಿನಕುರಳಿ ಹತ್ತಿರದ ನನ್ನ ಗಂಡನ ಹಳ್ಳಿಯಿಂದ ಬೆಳಿಗ್ಗೆ ಎಂಟೂಕಾಲಿನ ಬಸ್ಸು ಹಿಡಿದರೆ ಮತ್ತೆ ಮನೆ ಸೇರುವುದು ಸಂಜೆ ಆರಕ್ಕೆ. ಬಸ್ಸು ಎಷ್ಟೇ ತುಂಬಿದ್ದರೂ ನನ್ನನ್ನು ಯಾರೂ ಒತ್ತಿಕೊಂಡು ಕೂರುತ್ತಿರಲಿಲ್ಲ. ಮೇಡಮ್ಮೋರು ಎಂಬ ಗೌರವ ಅದಕ್ಕೆ ಕಾರಣ ಎಂದು ಮೊದಮೊದಲು ತಿಳಿದಿದ್ದೆ. ಕಾರಣ ನನ್ನ ತೊಡೆಯ ಮೇಲಿರುತ್ತಿದ್ದ ಉಪ್ಪಿನಕಾಯಿ ಸೀಸೆ. ಅದರ ತುಂಬ ನಮ್ಮ ಕೊಟ್ಟಿಗೆಯ ಹಿಂದಿನ ಗಂಜಲದ ಗುಂಡಿಯ ನೀರು ಇರುತ್ತಿತ್ತು.

ಇದೆಲ್ಲ ಪಠ್ಯಕ್ರಮದ ಕೆಲಸ. ಯೂಗ್ಲೀನಾ ಎಂಬ ಏಕಕೋಶ ಜೀವಿಯನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕು ಎಂದು ಅದರಲ್ಲಿತ್ತು. ಕಾಲೇಜಿನಲ್ಲಿದ್ದದ್ದು ಒಂದು ಹಳೆಯ ಗಾಜಿನ ಸ್ಲೈಡು. ಅದರ ಮೇಲಿದ್ದದ್ದು ಯೂಗ್ಲೀನಾವೋ ಯಾರದೋ ಬೆರಳಿನ ಗುರುತೋ ಹೇಳುವುದು ಕಷ್ಟವಿತ್ತು. ನಮ್ಮ ವಿಭಾಗದ ಮುಖ್ಯಸ್ಥರು ಹದಿನೈದು ವರ್ಷದಿಂದ ಅದನ್ನೇ ಶ್ರದ್ಧೆಯಿಂದ ತೋರಿಸುತ್ತಿದ್ದರು. ನಾನು ಹೊಸಬಳು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಜೀವ ಇರುವುದನ್ನೇ ತರುತ್ತೇನೆ ಸಾರ್ ಎಂದೆ. ತನ್ನಿ ಎಂದರು. ಊರ ಕಟ್ಟೆಯ ನೀರು ತಂದೆ, ನಾಲೆಯ ನೀರು ತಂದೆ, ತವರಿಗೆ ಹೋದಾಗ ಬೆಳಗೊಳದ ಗದ್ದೆ ಬದಿಯಲ್ಲಿ ನಿಂತ ನೀರನ್ನೂ ತಂದೆ. ಸೂಕ್ಷ್ಮದರ್ಶಕದ ಕೆಳಗೆ ಏನೇನೋ ಹರಿದಾಡಿದವು, ಯೂಗ್ಲೀನಾ ಒಂದೂ ಇಲ್ಲ. ಕೊನೆಗೆ ಸಿಕ್ಕಿದ್ದು ನಮ್ಮ ಹಿತ್ತಲಲ್ಲಿ. ಹಸುವಿನ ಗಂಜಲ ಹರಿದು ನಿಲ್ಲುವ ಗುಂಡಿ ಬಿಸಿಲಿಗೆ ಹಸಿರುಗಟ್ಟಿತ್ತು. ಒಂದು ತೊಟ್ಟು ತೆಗೆದು ನೋಡಿದರೆ ಜಾತ್ರೆ.

ಹಸು ಮತ್ತು ಗುಂಡಿ ಎರಡೂ ನನ್ನ ಅತ್ತೆಯ ಆಡಳಿತಕ್ಕೆ ಸೇರಿದ್ದವು. ಮಾವ ತೀರಿಕೊಂಡ ಮೇಲೆ ಗದ್ದೆ ಕೆಲಸ ಮೈದುನನಿಗೆ ಹೋಯಿತು, ಅಡುಗೆಮನೆ ನನಗೆ ಅರ್ಧ ಬಂತು, ಕೊಟ್ಟಿಗೆಯಲ್ಲಿ ಮಾತ್ರ ಅತ್ತೆ ಯಾರಿಗೂ ಪಾಲು ಕೊಡಲಿಲ್ಲ. ಬೆಳಿಗ್ಗೆ ಸಂಜೆ ಅವರೇ ಹಾಲು ಕರೆದು, ಅವರೇ ಡೇರಿಗೆ ಒಯ್ದು ಹಾಕಿ ಬರುತ್ತಿದ್ದರು. ಹಸುವಿಗೂ ಅವರೇ ಆಗಬೇಕಿತ್ತು. ಅದರಲ್ಲೂ ಕಾಫಿಪುಡಿ ಬಣ್ಣದ, ಹಸಿರಂಚಿನ ಒಂದು ಸೀರೆ ಇತ್ತು. ಅದನ್ನು ಉಟ್ಟು ಹೋದರೆ ಮಾತ್ರ ಹಸು ಹಾಲು ಬಿಡುತ್ತಿತ್ತು. ಬೇರೆ ಸೀರೆಯಲ್ಲಿ ಹೋದರೆ ಅತ್ತೆಗೇ ಒದೆ ಬೀಳುತ್ತಿತ್ತು. ನಮ್ಮ ಕಡೆ ಇದು ವಿಶೇಷವೇನಲ್ಲ, ಮನೆಗೊಂದು ಹಾಲು ಕರೆಯುವ ಸೀರೆ ಇರುತ್ತದೆ.

ನಾನು ಮೊದಲ ಸಲ ಗುಂಡಿಯಿಂದ ಸೀಸೆಗೆ ನೀರು ಮೊಗೆಯುತ್ತಿದ್ದಾಗ ಅತ್ತೆ ಬಂದು ನಿಂತರು.

"ನಿಮ್ ಕಾಲೇಜ್ನಾಗೆ ಗಂಜಲ ಇಲ್ವೇನವ್ವ?"

ಇದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಇದೆ, ಅದಕ್ಕೆ ಬೆಳಕು ಎಲ್ಲಿದೆ ಎಂದು ಗೊತ್ತಾಗುತ್ತದೆ, ಮಕ್ಕಳಿಗೆ ಅದನ್ನು ತೋರಿಸಬೇಕು ಎಂದೆ. ಅತ್ತೆ ಹಸುವಿನ ಕಡೆ ನಡೆದರು. ಮರುದಿನ ಡೇರಿಯಲ್ಲಿ ಅವರು ಹೇಳಿದ್ದು ನನಗೆ ತಲುಪಿತು: "ನಮ್ ಸೊಸೆ ಎಮ್ಮೆಸ್ಸಿ ಓದವ್ಳೆ. ನಮ್ಮಟ್ಟಿ ಗಂಜಲ ಒಯ್ದು ಮಕ್ಳಿಗೆ ತೋರಿಸ್ತಾಳೆ. ಸರ್ಕಾರ ಸಂಬಳ ಕೊಡ್ತದೆ."

ಯೂಗ್ಲೀನಾ ಎಂದರೆ ಒಂದೇ ಒಂದು ಕೋಶ. ಕೈಕಾಲು, ಮಿದುಳು, ಮನೆತನ ಯಾವುದೂ ಇಲ್ಲ. ಮುಂದಿನ ತುದಿಯಲ್ಲಿ ಚಾವಟಿಯಂಥ ಎಳೆ, ಅದನ್ನು ಬೀಸಿಕೊಂಡು ಈಜುತ್ತದೆ. ಅಲ್ಲೇ ಹತ್ತಿರ ಒಂದು ಕೆಂಪು ಚುಕ್ಕೆ. ಪುಸ್ತಕದಲ್ಲಿ ಅದಕ್ಕೆ ಕಣ್ಚುಕ್ಕೆ ಎಂದು ಹೆಸರಿಟ್ಟಿದ್ದಾರೆ, ಆದರೆ ಆ ಚುಕ್ಕೆ ಏನನ್ನೂ ನೋಡುವುದಿಲ್ಲ. ಅದು ಬರೀ ಮರೆ. ಬೆಳಕು ತಾಗಿದರೆ ತಿಳಿಯುವ ಭಾಗ ಅದರ ಪಕ್ಕದಲ್ಲಿ, ಚಾವಟಿಯ ಬುಡದಲ್ಲಿ ಉಬ್ಬಿಕೊಂಡಿರುತ್ತದೆ. ಯೂಗ್ಲೀನಾ ನೆಟ್ಟಗೆ ಈಜದೆ ಉರುಳಿಕೊಂಡು ಈಜುತ್ತದೆ. ಬೆಳಕು ಒಂದು ಪಕ್ಕದಿಂದ ಬರುತ್ತಿದ್ದರೆ ಪ್ರತಿ ಉರುಳಿಗೂ ಒಮ್ಮೆ ಆ ಚುಕ್ಕೆಯ ನೆರಳು ಪಕ್ಕದ ಉಬ್ಬಿನ ಮೇಲೆ ಬೀಳುತ್ತದೆ. ನೆರಳು ಬಿದ್ದಾಗಲೆಲ್ಲ ಅದು ಇಷ್ಟಿಷ್ಟೇ ತಿರುಗುತ್ತದೆ. ತಿರುಗಿ ತಿರುಗಿ ಬೆಳಕಿನ ನೇರಕ್ಕೆ ಬಂದಾಗ ನೆರಳು ಬೀಳುವುದು ನಿಲ್ಲುತ್ತದೆ. ಆಮೇಲೆ ಅದೇ ದಾರಿ ಹಿಡಿದು ಹೋಗುತ್ತದೆ. ಮನೆ, ಮರ, ಮನುಷ್ಯರು ಯಾವುದೂ ಅದಕ್ಕೆ ಕಾಣುವುದಿಲ್ಲ. ಬೆಳಕು ಯಾವ ಕಡೆಗಿದೆ ಎಂಬುದೊಂದು ಗೊತ್ತು, ಅಷ್ಟರಲ್ಲೇ ಸಂಸಾರ ನಡೆಸುತ್ತದೆ.

ಇದನ್ನು ತೋರಿಸಲು ಒಂದು ಸುಲಭದ ಪ್ರಯೋಗವಿದೆ. ಸೀಸೆಗೆ ಕಪ್ಪು ಕಾಗದ ಸುತ್ತಿ, ಅದರಲ್ಲಿ ಒಂದು ಕಿಂಡಿ ಕತ್ತರಿಸಿ, ಹದವಾದ ಬೆಳಕಿನಲ್ಲಿ ಎರಡು ಮೂರು ಗಂಟೆ ಇಡಬೇಕು. ಒಳಗಿನ ಯೂಗ್ಲೀನಾಗಳೆಲ್ಲ ಕಿಂಡಿಯ ಹತ್ತಿರ ಬಂದು ಸೇರುತ್ತವೆ. ಕಾಗದ ಬಿಚ್ಚಿದರೆ ಗಾಜಿನ ಮೇಲೆ ಕಿಂಡಿಯ ಆಕಾರದಲ್ಲೇ ಹಸಿರು ಗುರುತು. ನಾನು ನಕ್ಷತ್ರದ ಆಕಾರದ ಕಿಂಡಿ ಕತ್ತರಿಸಿದೆ. ಮುಖ್ಯಸ್ಥರನ್ನೂ ಕರೆದು ಮುಂದಿನ ಬೆಂಚಿನಲ್ಲಿ ಕೂರಿಸಿದೆ. ಇಪ್ಪತ್ತೆರಡು ವಿದ್ಯಾರ್ಥಿಗಳ ಎದುರು ಕಾಗದ ಬಿಚ್ಚಿದೆ. ಸೀಸೆಯೆಲ್ಲ ಹಸಿರು, ನಕ್ಷತ್ರದ ಜಾಗ ಒಂದು ಬಿಟ್ಟು. ಅಲ್ಲಿ ನೀರು ತಿಳಿಯಾಗಿತ್ತು.

ಮುಖ್ಯಸ್ಥರು ಕೆಮ್ಮಿ ಎದ್ದು ಹೋದರು. ನನಗೆ ಕಿವಿಯವರೆಗೂ ಬಿಸಿಯಾಯಿತು. ಪ್ರಯೋಗ ಕೆಟ್ಟಿದೆ, ಯೂಗ್ಲೀನಾಕ್ಕೆ ಬೆಳಕು ತಿಳಿಯಲಿಲ್ಲ ಎಂದು ಬರೆದುಕೊಳ್ಳಿ ಎಂದೆ. ಇಪ್ಪತ್ತೆರಡು ಜನ ಬರೆದುಕೊಂಡರು. ಸೀಸೆಯ ನೀರನ್ನು ತೊಟ್ಟಿಗೆ ಸುರಿದು ಎಂಟು ದಿನದ ಶ್ರಮವನ್ನು ಹಾಳು ಮಾಡಿದೆ. ಬೆಳಿಗ್ಗೆ ಸೀಸೆ ಇಡಲು ನಾನು ಹೇಳಿದ್ದ ಅಟೆಂಡರು ಬಾಗಿಲಲ್ಲಿ ನಿಂತು, "ಬೆಳಕು ಚೆನ್ನಾಗಿ ಬೀಳ್ಲಿ ಅಂತ ಬಿಸಿಲಿಗೇ ಇಟ್ಟಿದ್ದೆ ಮೇಡಂ, ಸುಡೋ ಬಿಸಿಲಿಗೆ," ಎಂದರು. ಅವರು ಸಹಾಯವನ್ನೇ ಮಾಡಿದ್ದರು.

ಸಂಜೆ ಬಸ್ಸಿನಲ್ಲಿ, ಖಾಲಿ ಸೀಸೆ ಹಿಡಿದು ಕೂತಾಗ ನನಗೆ ಬುದ್ಧಿ ಬಂತು. ಬೆಳಕು ಅತಿಯಾದರೆ ಯೂಗ್ಲೀನಾ ಅದರಿಂದ ದೂರ ಓಡುತ್ತದೆ. ಅದನ್ನು ನಾನೇ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ತಿಳಿಯಾಗಿದ್ದ ಆ ಜಾಗಕ್ಕೆ ಐದು ಮೂಲೆಯೂ ಇದ್ದವು. ಬೆಳಕು ತಿಳಿಯದ ಜೀವಿಯಾಗಿದ್ದರೆ ಎಲ್ಲೆಂದರಲ್ಲಿ ಚದುರಿಕೊಂಡಿರುತ್ತಿತ್ತು, ಅಷ್ಟು ಅಚ್ಚುಕಟ್ಟಾಗಿ ಒಂದು ನಕ್ಷತ್ರದಿಂದ ತಪ್ಪಿಸಿಕೊಂಡು ನಿಲ್ಲುತ್ತಿರಲಿಲ್ಲ. ಮರುದಿನ ತರಗತಿಯಲ್ಲಿ, ನೆನ್ನೆ ಬರೆದದ್ದನ್ನು ಹೊಡೆದುಹಾಕಿ, ತಪ್ಪು ನನ್ನದು ಎಂದೆ. ಇಪ್ಪತ್ತೆರಡು ಜನ ಅದನ್ನೂ ಬರೆದುಕೊಂಡರು.

ಇದಾದ ಮುಂದಿನ ವಾರ ಮತ್ತೆ ನೀರು ತುಂಬಲು ಬೆಳಿಗ್ಗೆ ಬೇಗ ಕೊಟ್ಟಿಗೆಗೆ ಹೋದೆ. ಅತ್ತೆ ಹಾಲು ಕರೆಯುತ್ತಿದ್ದರು. ಹಸು ಬೆದರಬಾರದೆಂದು ನಾನು ಸದ್ದು ಮಾಡದೆ ಬಾಗಿಲಲ್ಲಿ ನಿಂತೆ. ನನ್ನ ನೆರಳು ಅವರ ಮೇಲೆ ಬಿತ್ತು. ಅತ್ತೆ ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತ, "ಯಾರ್ಲಾ ಅದು, ಬೆಳಕ್ಗೆ ಅಡ್ಡ ನಿಂತ್ಕಂಡಿರೋದು?" ಎಂದರು.

ಮಗನಿಗೆ ಆಡುವ ಮಾತು ಅದು. ನಮ್ಮ ನಡುವೆ ನಾಲ್ಕು ಮಾರು ದೂರವಿತ್ತು. ನಾನು ಸೀರೆ ಉಟ್ಟಿದ್ದೆ, ಕೈಯಲ್ಲಿ ಸೀಸೆ ಇತ್ತು, ಅವರ ಮಗ ನನಗಿಂತ ಒಂದು ಗೇಣು ಎತ್ತರ. ಅವರಿಗೆ ಗೊತ್ತಾಗಿದ್ದು ನೆರಳು ಬಿದ್ದದ್ದು ಮಾತ್ರ.

"ನಾನು ಅತ್ತೆ," ಎಂದೆ.

"ಗೊತ್ತು ಬುಡು, ನಂಗೆ ಕಾಣ್ತದೆ," ಎಂದು ಅವರು ಮತ್ತೆ ಕೆಚ್ಚಲಿಗೆ ಕೈ ಹಾಕಿದರು.

ಆ ದಿನ ಬಸ್ಸು ತಪ್ಪಿತು. ಜಗಲಿಯಲ್ಲಿ ಕೂತು ಹಿಂದಿನದನ್ನೆಲ್ಲ ಒಂದೊಂದಾಗಿ ನೆನೆದೆ. ಅಕ್ಕಿಯಲ್ಲಿ ಕಲ್ಲು ಉಳಿಯುತ್ತಿದ್ದದ್ದು, ನಾನು ಕೇಳಿದರೆ, ಹಲ್ಲು ಗಟ್ಟಿ ಮಾಡ್ಕೋ ಅನ್ನುತ್ತಿದ್ದದ್ದು. ಡೇರಿ ದಾರಿಯಲ್ಲಿ ಮಾತಾಡಿಸದವರನ್ನು ಅವರೂ ಮಾತಾಡಿಸದೆ ಬರುತ್ತಿದ್ದದ್ದು, ಊರವರು ಅದನ್ನು ಗೌಡರ ಮನೆ ಗತ್ತು ಅಂದುಕೊಂಡದ್ದು. ಒಳಗೆ ಬಂದವರು ಯಾರೆಂದು ತಿಳಿಯಲು ಅವರು ಮೊದಲು ಬೈಯುತ್ತಿದ್ದದ್ದು. ಬೈದರೆ ಯಾರಾದರೂ ಮಾತಾಡಿಯೇ ಆಡುತ್ತಾರೆ. ಎರಡು ವರ್ಷದಿಂದ ನಾನು ಇದೆಲ್ಲವನ್ನೂ ಅತ್ತೆಯ ಸ್ವಭಾವ ಎಂದು ಲೆಕ್ಕಕ್ಕೆ ಹಿಡಿದಿದ್ದೆ. ಗಂಜಲದ ಗುಂಡಿಯಲ್ಲಿರುವ ಕೋಶದ ಕಣ್ಚುಕ್ಕೆ ನೋಡಲು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುವ ಹೆಂಗಸು ನಾನು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಗಂಡ ಶ್ರೀರಂಗಪಟ್ಟಣದ ಒಂದು ಕಚೇರಿಯಲ್ಲಿ ಗುಮಾಸ್ತರು. ಸಂಜೆ ಬಂದಾಗ ಹೇಳಿದೆ. ಅವರು ಶೂ ಬಿಚ್ಚುತ್ತ, "ಅವ್ವನ ತಂಟೆಗೆ ಓಗ್ಬೇಡ," ಎಂದರು. ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಅತ್ತೆಯನ್ನೇ ಕೇಳಿದೆ. ಪಾಂಡವಪುರಕ್ಕೆ ಹೋಗಿ ಕಣ್ಣು ತೋರಿಸೋಣ ಎಂದೆ. "ಯಾರ್ ಕಣ್ಣ? ನಂಗೆ ಕಾಣ್ತದೆ," ಎಂದರು. ಇನ್ನೊಮ್ಮೆ ಕೇಳಿದೆ. "ನಿಂಗೆ ಕಾಣಾಕಿಲ್ವಾ, ನೀನು ತೋರಿಸ್ಕೋ," ಎಂದರು.

ಎರಡು ತಿಂಗಳಾದ ಮೇಲೆ ನಮ್ಮ ಕಾಲೇಜಿನಲ್ಲೇ ಕಣ್ಣಿನ ಶಿಬಿರ ಬಂತು. ಭಾನುವಾರ ಕಾಲೇಜು ಖಾಲಿ, ಊರ ಕೆಲವರು ಸೇರಿ ಮೈಸೂರಿನಿಂದ ಡಾಕ್ಟರನ್ನು ಕರೆಸಿದ್ದರು. ಪರೀಕ್ಷೆಗೆ ಕತ್ತಲೆ ಕೋಣೆ ಬೇಕು ಎಂದಾಗ ಎಲ್ಲರೂ ನನ್ನ ಪ್ರಯೋಗಾಲಯ ತೋರಿಸಿದರು. ಅದರ ಕಿಟಕಿಗಳಿಗೆ ಯೂಗ್ಲೀನಾದ ದೆಸೆಯಿಂದ ಕಪ್ಪು ಕಾಗದ ಹಚ್ಚಿತ್ತು. ಅತ್ತೆಯನ್ನು ಕರೆತರುವುದು ಹೇಗೆ ಎಂದು ಮೂರು ದಿನ ಯೋಚಿಸಿ, ಕೊನೆಗೆ ಸುಳ್ಳು ಹೇಳಿದೆ. ಇಷ್ಟು ಒಳ್ಳೆ ನೀರು ಯಾರ ಮನೆಯ ಗುಂಡಿಯದು ಎಂದು ಪ್ರಿನ್ಸಿಪಾಲರು ಕೇಳ್ತಿದ್ದಾರೆ, ಯಜಮಾನಿಯನ್ನೇ ನೋಡಬೇಕಂತೆ ಎಂದೆ.

ಅತ್ತೆ ಧಾರೆ ಸೀರೆ ಉಟ್ಟು ಹೊರಟರು.

ಕಾಲೇಜಿನ ಪಡಸಾಲೆಯಲ್ಲಿ ಇನ್ನೂರು ಜನ ಮುದುಕ ಮುದುಕಿಯರು ನೆಲದ ಮೇಲೆ ಸಾಲಾಗಿ ಕೂತಿದ್ದರು. ಅತ್ತೆ ನನ್ನ ತೋಳು ಹಿಡಿದು ನಿಂತು ಕಿವಿಗೊಟ್ಟರು. "ಇದೇನವ್ವ, ನಿಮ್ ಕಾಲೇಜ್ನಾಗೆ ಕೆಮ್ಮೋರೇ ಓದ್ತಾವ್ರಾ?" ಎಂದರು. ನಾನು ನಿಜ ಹೇಳಿದೆ. ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಬೈಯಲಿಲ್ಲ, ಸೆರಗು ಸರಿ ಮಾಡಿಕೊಂಡು ಸಾಲಿನಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸಾಲಿನಲ್ಲಿ ಸುದ್ದಿ ಓಡಾಡುತ್ತಿತ್ತು. ಕಣ್ಣಿನಲ್ಲಿ ಪೊರೆ ಬಲಿತವರಿಗೆ ಒಳಗೆ ಬ್ಯಾಟ್ರಿ ಬಿಡುತ್ತಾರೆ, ಬೆಳಕು ಯಾವ ಕಡೆಯಿಂದ ಬಂತು ಎಂದು ಸರಿಯಾಗಿ ಹೇಳಿದವರನ್ನು ವ್ಯಾನು ಹತ್ತಿಸಿ ಮೈಸೂರಿಗೆ ಆಪರೇಷನ್ನಿಗೆ ಒಯ್ಯುತ್ತಾರೆ, ಹೇಳದವರಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ. ಪೊರೆಯ ಹಿಂದಿನ ನರ ಚೆನ್ನಾಗಿದ್ದರೆ ಬೆಳಕಿನ ದಿಕ್ಕು ತಿಳಿಯುತ್ತದೆ, ಅಂಥ ಕಣ್ಣಿಗೆ ಆಪರೇಷನ್ ಮಾಡಿದರೆ ಉಪಯೋಗ ಎಂದು ಆಮೇಲೆ ಡಾಕ್ಟರು ನನಗೆ ವಿವರಿಸಿದರು. ಅದು ನಾನು ಕಪ್ಪು ಕಾಗದ ಸುತ್ತಿ ಮಾಡುತ್ತಿದ್ದ ಪ್ರಯೋಗವೇ, ಸೀಸೆಯೊಂದು ಇರಲಿಲ್ಲ. ನಾಗಮಂಗಲದ ಕಡೆಯ ಒಬ್ಬ ಅಜ್ಜ ಪಾಸಾಗಿ ಹೊರಗೆ ಬಂದವನು ಉಪಕಾರಕ್ಕೆಂದು ಪ್ರಶ್ನೆಪತ್ರಿಕೆಯನ್ನೇ ಬಯಲು ಮಾಡಿದ: "ಮೊದ್ಲು ಬಲ್ಗಡೆ ಬುಡ್ತಾನೆ, ಆಮೇಲೆ ಎಡಕ್ಕೆ, ಆಮೇಲೆ ಮೇಲಕ್ಕೆ, ಕೊನೇಗೆ ಕೆಳಕ್ಕೆ. ಬಾಯ್ಪಾಠ ಮಾಡ್ಕಳಿ." ಸಾಲಿನವರು ಬಾಯಿಪಾಠ ಮಾಡತೊಡಗಿದರು. ಆಮೇಲೆ ಬೇರೆ ಕಡೆ ಹತ್ತು ವರ್ಷ ಪರೀಕ್ಷೆ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದರೂ ಅಷ್ಟು ರಾಜಾರೋಷದ ನಕಲು ನಾನು ಮತ್ತೆ ನೋಡಲಿಲ್ಲ.

ಅತ್ತೆಯ ಸರದಿ ಬಂತು. ಡಾಕ್ಟರು ಚಿಕ್ಕ ವಯಸ್ಸಿನವರು, ಬೆಳಗಿನಿಂದ ಕೂತು ದಣಿದಿದ್ದರು. ಅತ್ತೆಯ ಮುಖದ ಮುಂದೆ ಬೆರಳು ಹಿಡಿದರು. ಎಷ್ಟು ಎಂದರೆ ಅತ್ತೆ, "ಕಾಣಾಕಿಲ್ಲ," ಎಂದರು. ಎರಡು ವರ್ಷದಲ್ಲಿ ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಎರಡು ಕಣ್ಣಿನಲ್ಲೂ ಪೊರೆ ಪೂರ್ತಿ ಬಲಿತಿದೆ ಎಂದರು ಡಾಕ್ಟರು. ಒಂದು ಕಣ್ಣು ಮುಚ್ಚಿಸಿ ಬ್ಯಾಟರಿ ಹಿಡಿದರು.

"ಅಜ್ಜಿ, ಬೆಳಕು ಎಲ್ಲಿಂದ ಬರ್ತಿದೆ, ಕೈ ತೋರ್ಸಿ."

ಬೆಳಕು ಬಲಗಡೆಯಿತ್ತು. ಅತ್ತೆ ಎಡಗಡೆ ತೋರಿಸಿದರು. ಎಡಕ್ಕೆ ಹಿಡಿದರೆ ಬಲಕ್ಕೆ ತೋರಿಸಿದರು. ಮೇಲೆ ಹಿಡಿದಾಗ ನೆಲ ತೋರಿಸಿದರು, ಕೆಳಗೆ ಹಿಡಿದಾಗ ಸೂರು. ಇನ್ನೊಂದು ಕಣ್ಣಿಗೂ ಹಾಗೆಯೇ ಆಯಿತು. ಡಾಕ್ಟರು ಚೀಟಿಯ ಮೇಲೆ ಏನೋ ಬರೆದು ನನ್ನ ಕೈಗೆ ಕೊಟ್ಟರು. "ನರ ಹೋಗಿದೆ ಮೇಡಂ. ಆಪರೇಷನ್ ಮಾಡಿ ಪ್ರಯೋಜನ ಇಲ್ಲ."

ಎರಡು ವರ್ಷ ಮೊದಲೇ ನೋಡಿದ್ದರೆ ಉಳಿಯುತ್ತಿತ್ತೇನೋ ಎನ್ನುವುದೊಂದೇ ತಲೆಯಲ್ಲಿ. ಅಳು ಬಂತು. ಅತ್ತೆ ಸ್ಟೂಲಿನಿಂದ ಏಳುತ್ತ, "ಓಗದು ಓಯ್ತು ಬುಡವ್ವ. ನಡಿ, ಸಂಜೆ ಆಲ್ ಕರೀಬೇಕು," ಎಂದು ನನ್ನ ಬೆನ್ನು ಸವರಿದರು. ದನಿಯಲ್ಲಿ ದುಃಖ ಒಂದು ಚೂರೂ ಇರಲಿಲ್ಲ. ಹಬ್ಬಕ್ಕೆ ಹೊರಟವರ ದನಿ ಅದು.

ಪಕ್ಕದ ಬೆಂಚಿನ ಮೇಲೆ ನನ್ನ ಸೀಸೆಗಳು ಸಾಲಾಗಿದ್ದವು. ನನಗೆ ತೊಟ್ಟಿಗೆ ಸುರಿದ ನಕ್ಷತ್ರದ ನೆನಪಾಯಿತು. ಎಂಟು ಸಲ ಕೇಳಿದ್ದರು, ಎಂಟು ಸಲವೂ ತಪ್ಪು, ಅದೂ ಒಂದು ಸಲ ಬಿಡದೆ ಸರಿಯಾಗಿ ಎದುರು ದಿಕ್ಕು. ಏನೂ ತಿಳಿಯದವರು ಬಾಯಿಗೆ ಬಂದದ್ದು ಹೇಳಿದರೂ ಒಂದೆರಡು ಸರಿಯಾಗಲೇಬೇಕು.

"ಡಾಕ್ಟ್ರೇ, ಇವರಿಗೆ ಬೆಳಕು ತಿಳೀತಿದೆ," ಎಂದೆ. "ತಿಳಿದೇ ತಪ್ಪಿಸ್ಕೋತಿದಾರೆ."

ಡಾಕ್ಟರು ನನ್ನನ್ನು ನೋಡಿದರು. "ನಿಮ್ಮ ಸಾಲಿನವರಿಗೆಲ್ಲ ನನ್ನ ಕ್ರಮ ಗೊತ್ತಾಗಿಬಿಟ್ಟಿದೆ ಮೇಡಂ. ನಾನೂ ಕೇಳಿಸ್ಕೊಂಡೆ. ಬಾಯಿಪಾಠ ಮಾಡ್ಕೊಂಡು ಉಲ್ಟಾ ಹೇಳಿದ್ರೂ ಹೀಗೇ ಬರುತ್ತೆ. ಅದರಿಂದ ಏನೂ ಗೊತ್ತಾಗಲ್ಲ."

"ಹಾಗಾದ್ರೆ ಕ್ರಮ ಬದಲಾಯಿಸಿ."

ಹೊರಗೆ ನೂರು ಜನ ಕಾಯುತ್ತಿದ್ದರು. ಡಾಕ್ಟರು ನಿಟ್ಟುಸಿರು ಬಿಟ್ಟು ಅತ್ತೆಯನ್ನು ಮತ್ತೆ ಕೂರಿಸಿದರು. ಈ ಸಲ ಮೊದಲು ಮೇಲೆ ಹಿಡಿದರು. ಅತ್ತೆ ನೆಲ ತೋರಿಸಿದರು. ಮತ್ತೆ ಮೇಲೆಯೇ ಹಿಡಿದರು. ಮತ್ತೆ ನೆಲ. ಎಡಕ್ಕೆ ಬಲ, ಕೆಳಕ್ಕೆ ಸೂರು, ಬಲಕ್ಕೆ ಎಡ. ಡಾಕ್ಟರ ದಣಿವು ಹೋಗಿ ಮುಖದಲ್ಲಿ ಆಸಕ್ತಿ ಬಂತು. ಬ್ಯಾಟರಿ ಆರಿಸಿ, ಆರಿದ ಬ್ಯಾಟರಿಯನ್ನೇ ಕಣ್ಣ ಮುಂದೆ ಹಿಡಿದು, "ಈಗ ಎಲ್ಲಿಂದ ಬರ್ತಿದೆ ಅಜ್ಜಿ?" ಎಂದರು.

ಅತ್ತೆ ಕೈಯೆತ್ತಿದರು. ಕೈ ಗಾಳಿಯಲ್ಲಿ ನಿಂತಿತು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು.

"ಇನ್ನೂ ಬುಟ್ಟೇ ಇಲ್ವಲ್ಲಪ್ಪ," ಎಂದರು.

ತಾವು ಆಡಿದ್ದೇನೆಂದು ಅತ್ತೆಗೂ ತಿಳಿಯಿತು. ಎತ್ತಿದ ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡರು. ಡಾಕ್ಟರು ನನ್ನ ಕೈಯಿಂದ ಚೀಟಿ ಇಸಿದುಕೊಂಡು ಬರೆದದ್ದನ್ನು ಹೊಡೆದುಹಾಕಿದರು. "ಇಷ್ಟು ಚೆನ್ನಾಗಿ ತಪ್ಪು ಹೇಳೋಕೆ ಒಳ್ಳೆ ನರ ಬೇಕು ಅಜ್ಜಿ," ಎಂದರು.

"ನಾನು ಬರಾಕಿಲ್ಲ," ಎಂದರು ಅತ್ತೆ.

ನನಗೆ ಕೋಪ ನೆತ್ತಿಗೇರಿತು. ಅತ್ತ ನಾಗಮಂಗಲದ ಅಜ್ಜನಂಥವರು ಒಳಗೆ ಬರಲು ಬಾಯಿಪಾಠ ಮಾಡುತ್ತಿದ್ದಾರೆ, ಇವರು ಹೊರಗೆ ಹೋಗಲು ಬೇಕೆಂದೇ ತಪ್ಪು ತೋರಿಸುತ್ತಿದ್ದಾರೆ. ಯಾಕೆ, ಕುರುಡಿಯಾಗಿ ಕೂರಬೇಕಾ ಎಂದು ಕೇಳಿಯೇಬಿಟ್ಟೆ. ಅತ್ತೆ ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದರು.

"ಆಪ್ರೇಸನ್ ಆದ್ಮೇಲೆ ನಲವತ್ತು ದಿವ್ಸ ಬಗ್ಗಂಗಿಲ್ವಂತೆ. ಅಸ ಯಾರ್ ಕರೀತಾರೆ? ಗದ್ದೆ ಒಬ್ನ ಕೈಗೋಯ್ತು, ಒಲೆ ನಿನ್ ಕೈಗ್ ಬಂತು. ಯಾವ್ದು ನಂಗೆ ವಾಪಸ್ ಬಂತವ್ವ? ಚೊಂಬು ಒಂದ್ಸಲ ಕೈ ಬುಟ್ರೆ ಮುಗೀತು. ಮೂಲೇಲಿ ಕೂತ್ಕಂಡು ಕಣ್ಣಿಟ್ಕಂಡು ಏನ್ ನೋಡ್ಲಿ ನಾನು? ಕರೆಯಾಕೆ ಕಣ್ಣು ಬ್ಯಾಡ ನಂಗೆ."

ಅವರು ಹೇಳಿದ್ದು ಸುಳ್ಳಲ್ಲ. ಒಲೆ ನನ್ನ ಕೈಗೆ ಬಂದ ದಿನ ನಾನು ಒಳಗೊಳಗೇ ಖುಷಿಪಟ್ಟಿದ್ದೆ. ಅದು ಅವರಿಗೆ ಗೊತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ.

"ನಲವತ್ತು ದಿನ ನಾನು ಕರೀತೀನಿ. ನಿಮಗೆ ಕನ್ನಡಕ ಬಂದ ದಿನ ಚೊಂಬು ನಿಮ್ಮ ಕೈಗೆ ಕೊಡ್ತೀನಿ," ಎಂದೆ.

"ಆಣೆ ಮಾಡು."

ಯಾರ ಮೇಲೆ ಎಂದೆ. ಅತ್ತೆ ಸ್ವಲ್ಪ ಯೋಚಿಸಿ, "ಆ ನಿನ್ ಗಂಜಲದ ಸೀಸೆ ಐತಲ್ಲ, ಅದ್ನ ಮುಟ್ಟಿ ಮಾಡು. ಅದ್ರ ಮ್ಯಾಲಿರೋ ಭಕ್ತಿ ನಿಂಗೆ ನಿನ್ ಗಂಡನ ಮೇಲೂ ಇಲ್ಲ," ಎಂದರು. ನಾನು ಯೂಗ್ಲೀನಾದ ಸೀಸೆ ಮುಟ್ಟಿ ಆಣೆ ಮಾಡಿದೆ. ಡಾಕ್ಟರು ಸಾಕ್ಷಿಯಾಗಿ ನಿಂತಿದ್ದರು. ಸೀಸೆಯಲ್ಲೇನಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅತ್ತೆ ಧಾರೆ ಸೀರೆಯಲ್ಲೇ ವ್ಯಾನು ಹತ್ತಿದರು.

ಒಂದು ಕಣ್ಣಿಗೆ ಆಪರೇಷನ್ ಆಯಿತು. ಐದನೆಯ ದಿನ ಆ ಕಣ್ಣಿನ ಮೇಲೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಮನೆಗೆ ಬಂದರು. ಅಷ್ಟರಲ್ಲಿ ನನಗೆ ಹಸುವಿನಿಂದ ನಾಲ್ಕು ಒದೆ ಬಿದ್ದಿದ್ದವು. ಐದನೆಯದು ಬೀಳುವ ಮೊದಲು ಅತ್ತೆ ಜಗಲಿಯಿಂದಲೇ, "ನನ್ ಸೀರೆ ಸುತ್ಕಳವ್ವ," ಎಂದರು. ಬೆಳಿಗ್ಗೆ ಐದೂವರೆಗೆ, ಉಟ್ಟ ಸೀರೆಯ ಮೇಲೇ ಆ ಕಾಫಿಪುಡಿ ಬಣ್ಣದ ಸೀರೆಯನ್ನು ಹೇಗೋ ಸುತ್ತಿಕೊಂಡು ಹೋದೆ. ಹಸು ಸೀರೆಯನ್ನು ಮೂಸಿತು, ನನ್ನ ಮುಖ ನೋಡಿತು, ಆಮೇಲೆ ಹಾಲು ಬಿಟ್ಟಿತು. ಅದಕ್ಕೆ ಮೋಸ ಗೊತ್ತಾಗಿತ್ತು ಎಂದೇ ನನ್ನ ನಂಬಿಕೆ. ಅತ್ತೆ ದಿನವೂ ಜಗಲಿಯಲ್ಲಿ ಕೂತು ಚೊಂಬಿಗೆ ಹಾಲು ಬೀಳುವ ಸದ್ದಿಗೆ ಕಿವಿಗೊಡುತ್ತಿದ್ದರು. "ಹಿಂದಿನ್ ಮೊಲೇಲಿ ಉಳ್ಸಿದೀಯ," ಎನ್ನುತ್ತಿದ್ದರು. ಹೋಗಿ ನೋಡಿದರೆ ಉಳಿದಿರುತ್ತಿತ್ತು.

ನಲವತ್ತು ದಿನ ಕಳೆದು ದಪ್ಪ ಗಾಜಿನ ಕನ್ನಡಕ ಬಂತು. ಮರುದಿನ ಬೆಳಿಗ್ಗೆ ನಾನು ಕೊನೆಯ ಸಲ ಹಾಲು ಕರೆದು, ಆಣೆ ಮಾಡಿದಂತೆ ಚೊಂಬು ಒಪ್ಪಿಸಲು ಅಂಗಳಕ್ಕೆ ಬಂದೆ. ಅತ್ತೆ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಚೊಂಬು ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ.

"ತಿರುಗು," ಎಂದರು.

ತಿರುಗಿದೆ.

"ಇದು ಯಾವಾಗ್ನಿಂದ ಅರ್ದೋಗದೆ?"

ಕೈ ಹಿಂದೆ ಹಾಕಿ ಮುಟ್ಟಿ ನೋಡಿದೆ. ಸೊಂಟದಿಂದ ಕೆಳಕ್ಕೆ ಒಂದು ಮೊಳ ಉದ್ದ ಸೀರೆ ಹರಿದು, ಎಳೆಗಳು ಜೋತಾಡುತ್ತಿದ್ದವು. ಹಳೆಯ ಹರಕು, ಅಂಚೆಲ್ಲ ಮಾಸಿ ಕಪ್ಪಾಗಿತ್ತು. ಒಂದು ತಿಂಗಳಿಗೂ ಹೆಚ್ಚು ಕಾಲ ಅದನ್ನು ನಾನೇ ಸುತ್ತಿಕೊಂಡಿದ್ದೆ.

"ಇದ್ನೇ ಉಟ್ಕಂಡು ದಿನಾ ಡೇರಿ ತಂಕ ಓಗ್ಬರ್ತಿದ್ನಲ್ಲ," ಎಂದರು ಅತ್ತೆ. "ಎಷ್ಟ್ ದಿವ್ಸದಿಂದ ಇಂಗೆ ಓಗ್ತಿದ್ನೋ. ನಂಗೇನೋ ಕಾಣ್ತಿರ್ನಿಲ್ಲ. ನಿಂಗೂ ಕಾಣ್ನಿಲ್ವೇನವ್ವ?"

ದಿನವೂ ಎಂಟೂಕಾಲಿನ ಬಸ್ಸಿಗೆ ಓಡುವಾಗ ನಾನು ಅವರ ಹಿಂದೆಯೇ ಆ ದಾರಿಯಲ್ಲಿ ಹೋಗುತ್ತಿದ್ದೆ, ಸೀಸೆ ತುಳುಕಬಾರದೆಂದು ಸೀಸೆಯನ್ನೇ ನೋಡಿಕೊಂಡು. ನಾಚಿಕೆಯಿಂದ ಹರಕನ್ನು ಕೈಯಲ್ಲಿ ಮುಚ್ಚಿಕೊಳ್ಳಲು ಹೋಗಿ ಚೊಂಬಿನ ಹಾಲು ತುಳುಕಿಸಿದೆ. ಅತ್ತೆ ಎದ್ದು ಬಂದು ಚೊಂಬು ತೆಗೆದುಕೊಂಡರು.

"ಬಿಸಾಕೋಣ ಅತ್ತೆ. ಇವತ್ತೇ ಪೇಟೆಯಿಂದ ಹೊಸದು ತರ್ತೀನಿ," ಎಂದೆ.

"ನೀನ್ ತಂದ್ರೆ ಆಯ್ತಾ? ಅಸ ಒಪ್ಬೇಕಲ್ಲ. ಬಿಚ್ಕೊಡು."

ಬಿಚ್ಚಿ ಕೊಟ್ಟೆ. ಸೂಜಿ ದಾರ ಕೇಳಿದರು, ತಂದುಕೊಟ್ಟೆ. ಒಳಗಡೆ ಹೋಗಿ ಕೂತ ಅತ್ತೆ ಮತ್ತೆ ಎದ್ದು ಹೊಸಿಲಿಗೆ ಬಂದು, ಮೊದಲು ಅಂಗಳದ ಕಡೆ, ಆಮೇಲೆ ಕೊಟ್ಟಿಗೆ ಕಡೆ ಮುಖ ಮಾಡಿ, ಕೊನೆಗೆ ಬೆಳಕು ಸರಿಯಾಗಿ ಬೀಳುವ ಕಡೆಗೆ ತಿರುಗಿ ಕೂತರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸೂಜಿಯನ್ನು ಎತ್ತಿ ಹಿಡಿದು, ದಾರದ ತುದಿ ನಾಲಿಗೆಗೆ ತಾಗಿಸಿ ಹೊಸೆದರು. ಮೊದಲ ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಬಸ್ಸಿಗೆ ಹೊತ್ತಾಗಿತ್ತು, ನಾನು ಕೊಡಿ ಎಂದು ಕೈ ಚಾಚಿದೆ.

ಅತ್ತೆ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು.

"ಬುಡು," ಎಂದರು. "ನಂಗೆ ಕಾಣ್ತದೆ."